ಸ್ತಿನಿವಾ, ವಿಸ್ ದ್ವೀಪ, ಕ್ರೊಯೇಷ್ಯಾ: ಬೋಟ್ ಟೂರ್ ಬಿಡಿ, ಬೆಳಿಗ್ಗೆ ಬೇಗ ನಡ್ಕೊಂಡು ಇಳೀರಿ

ನಾವಿರೋದು ಜರ್ಮನೀಲಿ, ಊರು ಕುಂದಾಪುರದ ಕಡೆ. ಮರಳಲ್ಲೇ ಆಡಿ ಬೆಳೆದವ್ರಿಗೆ ಕಲ್ಲಿನ ಬೀಚು ಅಂದ್ರೆ ಅದೂ ಒಂದು ಬೀಚಾ ಅನ್ಸುತ್ತೆ, ನಂಗೂ ಹಾಗೇ ಇತ್ತು. ಈ ಜೂನಲ್ಲಿ ನಾನು, ನಮ್ಮನೆಯವ್ರು, ಒಂಬತ್ತು ವರ್ಷದ ಮಗ ಮೂರು ಜನ ವಿಸ್ ದ್ವೀಪದಲ್ಲಿ ಒಂದು ವಾರ ಇದ್ವಿ, ಅಲ್ಲಿಂದ ಸ್ತಿನಿವಾ ಅನ್ನೋ ಕಲ್ಲಿನ ಬೀಚಿಗೆ ಎರಡು ಸಲ ಹೋದ್ವಿ, ಒಂದ್ಸಲ ಬೋಟಲ್ಲಿ ಒಂದ್ಸಲ ನಡ್ಕೊಂಡು. ಎರಡಕ್ಕೂ ಅಜಗಜಾಂತರ, ಅದಕ್ಕೇ ಇದನ್ನ ಬರೀತಿದೀನಿ.

ಮೊದ್ಲು ಬೋಟಿನ ಕಥೆ. ವಿಸ್ ದ್ವೀಪದಲ್ಲೇ ಇರೋ ಕೋಮಿಜಾ ಪಟ್ಟಣದಿಂದ ಒಂದು ಸ್ಪೀಡ್‌ಬೋಟ್ ಟೂರ್ ತಗೊಂಡ್ವಿ, ಬಿಶೇವೋ ದ್ವೀಪದ ನೀಲಿ ಗುಹೆ, ಆಮೇಲೆ ಸ್ತಿನಿವಾ, ಇನ್ನೂ ಒಂದೆರಡು ಜಾಗ. ನೀಲಿ ಗುಹೆ ಚೆನ್ನಾಗಿತ್ತು. ಸ್ತಿನಿವಾ ಬಂದಾಗ ಬೋಟು ಬಾಗಿಲಲ್ಲೇ, ಅಂದ್ರೆ ಸಮುದ್ರದ ಕಡೆ ಬಂಡೆ ಸಂದಿ ಹತ್ರಾನೇ, ನಿಂತ್ಬಿಡ್ತು. ಒಳಗೆ ಬೋಟು ಹೋಗೋ ಹಾಗಿಲ್ಲ, ಅದು ಅಲ್ಲಿನ ನಿಯಮ, ಒಳ್ಳೇ ನಿಯಮಾನೇ, ಆದ್ರೆ ಟಿಕೆಟ್ ಮಾರುವಾಗ ನಮಗೆ ಬೀಚಲ್ಲಿ ಇಳಿಸ್ತೀವಿ ಅಂದಿದ್ರು. ಈಜ್ಕೊಂಡು ಹೋಗಿ ನಲವತ್ತು ನಿಮಿಷದಲ್ಲಿ ಬನ್ನಿ ಅಂದ್ರೆ ನಂಗೆ ಅಷ್ಟು ಈಜು ಬರಲ್ಲ, ಮಗನ್ನ ಕಳ್ಸೋಕೆ ಧೈರ್ಯ ಇಲ್ಲ, ಸುತ್ತ ಇನ್ನೂ ಏಳೆಂಟು ಬೋಟು, ಪೆಟ್ರೋಲ್ ವಾಸ್ನೆ, ಓಲಾಟ. ನಮ್ಮನೆಯವ್ರೊಬ್ರೇ ಹೋಗಿ ಬಂದ್ರು. ಮಗ ಮುಖ ಸಣ್ಣ ಮಾಡ್ಕೊಂಡು ಕೂತಿದ್ದ, ನಂಗೆ ನಿಜವಾಗ್ಲೂ ಬೇಜಾರಾಯ್ತು.

ಎರಡು ದಿನ ಬಿಟ್ಟು ಬಾಡಿಗೆ ಕಾರಲ್ಲಿ ಝೂಜೆಟ್ಸ್ ಅನ್ನೋ ಹಳ್ಳಿ ಹತ್ರ ಹೋಗಿ ಗಾಡೀನ ಗುಡ್ಡದ ಮೇಲೇ ನಿಲ್ಸಿ ನಡ್ಕೊಂಡು ಇಳಿದ್ವಿ. ಬೆಳಿಗ್ಗೆ ಎಂಟಕ್ಕೆ. ಇಳಿಯೋದು ಅರ್ಧ ಗಂಟೆ ಹಿಡೀತು, ದಾರಿ ಅಂದ್ರೆ ದಾರಿ ಅಲ್ಲ, ಬಂಡೆ, ಸಡಿಲ ಕಲ್ಲು, ಕೆಲವು ಕಡೆ ಕೈ ಊರಿ ಕೂತು ಜಾರ್ಕೊಂಡೇ ಇಳೀಬೇಕು. ಹಿಡಿತ ಇರೋ ಶೂ ಕಡ್ಡಾಯ, ಹವಾಯಿ ಚಪ್ಪಲೀಲಿ ದಯವಿಟ್ಟು ಬರ್ಬೇಡಿ, ಮಂಡಿ ನೋವಿರೋ ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ಲೇಬೇಡಿ. ಇಳೀತಾ ಇದ್ದ ಹಾಗೆ ಎರಡೂ ಕಡೆ ಗೋಡೆ ಹತ್ರ ಬರ್ತವೆ, ಕೊನೇ ತಿರುವಲ್ಲಿ ಕೆಳಗೆ ಬಿಳೀ ಕಲ್ಲು, ಅದರಾಚೆ ಹಸಿರು ನೀರು, ಅದರಾಚೆ ಎರಡು ಬಂಡೆ ಮಧ್ಯ ಕೆಲವೇ ಮೀಟರ್ ಅಗಲದ ಸಂದಿ, ಸಂದೀಲಿ ಸಮುದ್ರ. ಹಿಂದೆ ಇದು ಗುಹೆ ಆಗಿತ್ತಂತೆ, ಚಾವಣಿ ಕುಸಿದು ಹಿಂಗೆ ಬಯಲಾಯ್ತಂತೆ. ಒಳಗೆ ನಿಂತು ತಲೆ ಎತ್ತಿದ್ರೆ ಅದು ನಿಜಾನೇ ಇರ್ಬೇಕು ಅನ್ಸುತ್ತೆ, ನಮ್ಮ ಹಳೇ ಮನೆ ಅಂಗಳದಲ್ಲಿ ನಿಂತು ಆಕಾಶ ನೋಡಿದ ಹಾಗೆ. 1967ರಿಂದ ಇದು ಸಂರಕ್ಷಿತ ಜಾಗ, 2016ರಲ್ಲಿ ಯುರೋಪಿನ ಅತ್ಯುತ್ತಮ ಬೀಚ್ ಅಂತ ವೋಟಲ್ಲಿ ಗೆದ್ದಿತ್ತು, ಆಮೇಲೆ ಜನ ಮುಗಿಬಿದ್ದಿದ್ದು. ವಿಸ್‌ಗೆ 1989ರ ತನಕ ಹೊರದೇಶದವ್ರನ್ನ ಬಿಡ್ತಾನೇ ಇರ್ಲಿಲ್ಲ, ಕ್ರೊಯೇಷ್ಯಾ ಆಗ ಸೇರಿದ್ದ ಯುಗೋಸ್ಲಾವಿಯಾ ದೇಶದ ಸೈನ್ಯದ ನೆಲೆ ಅದು, ಅದಕ್ಕೇ ಏನೋ ದ್ವೀಪದಲ್ಲಿ ದೊಡ್ಡ ದೊಡ್ಡ ಹೋಟೆಲ್‌ಗಳ ಸಾಲು ಕಾಣ್ಸಲ್ಲ.

ನಾವು ಇಳಿದಾಗ ಒಳಗೆ ಇನ್ನೂ ನೆರಳು, ಐದಾರು ಜನ ಅಷ್ಟೇ, ಯಾರೂ ಜೋರಾಗಿ ಮಾತಾಡ್ತಿರ್ಲಿಲ್ಲ. ಇನ್ನು ಕಲ್ಲಿನ ವಿಷ್ಯ. ಉರುಟು ಉರುಟು ಸುಣ್ಣದಕಲ್ಲು, ಕೋಳಿಮೊಟ್ಟೆ ಗಾತ್ರದ್ದು, ಅಂಗೈ ಅಗಲದ್ದು, ಒಣಗಿದಾಗ ಸುಣ್ಣ ಬಳಿದ ಹಾಗೆ ಬಿಳಿ, ನೀರಿಗೆ ಬಿದ್ರೆ ಬೂದು, ಕೆಲವಕ್ಕೆ ಮಧ್ಯ ದಾರ ಸುತ್ತಿದ ಹಾಗೆ ಒಂದು ಬಿಳೀ ಗೆರೆ. ಅಲೆ ಬಂದು ವಾಪಸ್ ಹೋಗುವಾಗ ಕಲ್ಲೆಲ್ಲ ಒಂದ್ಕೊಂದು ಉಜ್ಜಿ ಜರ್ರ್ ಅಂತ ಎಳ್ಕೊಂಡು ಹೋಗೋ ಶಬ್ದ ಇದ್ಯಲ್ಲ, ಮೊರದಲ್ಲಿ ಕಡ್ಲೆ ಕೇರಿದ ಹಾಗೆ, ಗೋಡೆಗೆ ಬಡಿದು ಎರಡು ಪಟ್ಟಾಗಿ ಕೇಳ್ಸುತ್ತೆ, ನಾನು ಅದನ್ನೇ ಕೇಳ್ತಾ ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ. ಮರಳು ಇಲ್ದೇ ಇರೋದ್ರಿಂದ ನೀರು ಕದಡಲ್ಲ, ಎದೆಮಟ್ಟ ನೀರಲ್ಲಿ ನಿಂತು ಕಾಲುಗುರು ಎಣಿಸ್ಬಹುದು. ಮಗ ಮೂರು ಗಂಟೆ ಹೊತ್ತು ಕಳೆದ್ಮೇಲೆ ಬಂದು, ಅಮ್ಮಾ ಇಲ್ಲಿ ನೀರು ಇಳಿಯೋದೇ ಇಲ್ವಾ ಅಂದ, ಅವ್ನು ಬೆಳಿಗ್ಗೆ ನೀರಿನಂಚಲ್ಲಿ ಜೋಡಿಸಿಟ್ಟ ಕಲ್ಲು ಹೆಚ್ಚು ಕಮ್ಮಿ ಅಂಚಲ್ಲೇ ಇತ್ತು. ಆಡ್ರಿಯಾಟಿಕ್ ಸಮುದ್ರದಲ್ಲಿ ಈ ಕಡೆ ಉಬ್ಬರ ಇಳಿತ ಬಹಳ ಕಮ್ಮಿ, ರಜೆಗೆ ಊರಿಗೆ ಹೋದಾಗ ನಮ್ಮ ಕಡಲು ನೋಡಿದ ಹುಡುಗ ಅಲ್ವಾ, ಗಮನಿಸಿದ್ದ.

ವಾಟರ್ ಶೂಸ್ ತಗೊಳ್ಳಿ, ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಡೋಕಾಗಲ್ಲ, ಜೊತೆಗೆ ಬಂಡೆ ಅಂಚಲ್ಲಿ ಸೀ ಅರ್ಚಿನ್ ಇರ್ತವೆ, ಕಪ್ಪಗೆ ಮುಳ್ಳುಮುಳ್ಳು, ತುಳಿದ್ರೆ ಮುಳ್ಳು ಒಳಗೇ ಮುರ್ಕೊಳ್ಳುತ್ತೆ. ಮಲಗೋಕೆ ತೆಳು ಟವೆಲ್ ಸಾಲಲ್ಲ, ದಪ್ಪ ಮ್ಯಾಟ್ ಬೇಕು. ಕುಡಿಯೋ ನೀರು ತಲೆಗೆ ಎರಡು ಲೀಟರಾದ್ರೂ ಮೇಲಿಂದ್ಲೇ ಹೊತ್ಕೊಂಡು ಹೋಗಿ, ಕೆಳಗೆ ಏನಾದ್ರೂ ಸಿಗುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ. ನಾವು ಬೇಕರಿಯಿಂದ ಪೊಗಾಚಾ ಕಟ್ಟಿಸ್ಕೊಂಡಿದ್ವಿ, ದಪ್ಪ ರೊಟ್ಟಿ ಒಳಗೆ ಉಪ್ಪು ಮೀನು ಈರುಳ್ಳಿ ತುಂಬಿದ್ದು, ಕೋಮಿಜಾದ್ರಲ್ಲಿ ಟೊಮೇಟೊ ಕೂಡ ಇರುತ್ತೆ, ವಿಸ್ ಪಟ್ಟಣದವ್ರು ಟೊಮೇಟೊ ಹಾಕಲ್ಲ. ಮೀನು ತಿನ್ನೋರಾದ್ರೆ ಬಿಡ್ಬೇಡಿ, ಒಣಮೀನಿನ ರುಚಿ ಗೊತ್ತಿರೋ ನಾಲಿಗೆಗೆ ತಕ್ಷಣ ಹಿಡಿಸುತ್ತೆ.

ಹನ್ನೊಂದರ ಹೊತ್ತಿಗೆ ಟೂರ್ ಬೋಟು ಒಂದೊಂದೇ ಬಾಗಿಲಿಗೆ ಬರೋಕೆ ಶುರು, ಅಷ್ಟೊತ್ತಿಗೆ ಎದ್ದುಬಿಡೋದು ಒಳ್ಳೇದು. ನಾವು ಮನಸ್ಸು ಬರ್ದೇ ಒಂದು ಗಂಟೆ ಲೇಟ್ ಮಾಡಿದ್ವಿ, ಹತ್ತುವಾಗ ಬಿಸಿಲು ನೆತ್ತಿ ಮೇಲೆ, ಹೆಚ್ಚಿನ ದಾರೀಲಿ ನೆರಳಿಲ್ಲ, ಮಗಂಗೆ ಎರಡು ಕಡೆ ಕೂರಿಸಿ ಕೂರಿಸಿ ನೀರು ಕುಡಿಸ್ಬೇಕಾಯ್ತು.

ಬರೋದು ಹೇಗೆ ಅಂದ್ರೆ, ಕ್ರೊಯೇಷ್ಯಾದ ಸ್ಪ್ಲಿಟ್ ಊರಿಂದ ವಿಸ್‌ಗೆ ಕಾರ್ ಫೆರ್ರಿಲಿ ಸುಮಾರು ಎರಡೂ ಕಾಲು ಗಂಟೆ. 2023ರ ಜನವರಿಯಿಂದ ಕ್ರೊಯೇಷ್ಯಾ ಶೆಂಗೆನ್ ಒಳಗೆ, ಅಂದ್ರೆ ಗಡಿ ತಪಾಸಣೆ ಇಲ್ದೆ ಓಡಾಡೋ ಯುರೋಪಿನ ದೇಶಗಳ ಗುಂಪಿಗೆ, ಬಂದಿದೆ, ದುಡ್ಡೂ ಯೂರೋನೇ, ಹಾಗಾಗಿ ಜರ್ಮನಿ ರೆಸಿಡೆನ್ಸ್ ಪರ್ಮಿಟ್ ಇರೋ ನಮ್ಮಂಥವ್ರಿಗೆ ಬೇರೆ ವೀಸಾ ಬೇಡ. ಹೊರಡೋ ಹಿಂದಿನ ರಾತ್ರಿ ಮನೆ ಬಾಡಿಗೆ ಕೊಟ್ಟವ್ರ ಹತ್ರ ಗಾಳಿ ಯಾವ ಕಡೇದು ಅಂತ ಕೇಳಿ. ತೆಂಕಣ ಗಾಳಿಗೆ ಅವ್ರು ಯುಗೋ ಅಂತಾರೆ, ಸ್ತಿನಿವಾದ ಬಾಯಿ ಇರೋದೂ ತೆಂಕಕ್ಕೇ, ಯುಗೋ ಬೀಸೋ ದಿನ ಅಲೆ ನೇರ ಒಳಗೆ ನುಗ್ಗುತ್ತೆ, ಅವತ್ತು ಮಕ್ಕಳನ್ನ ಕರ್ಕೊಂಡು ಇಳೀಬೇಡಿ.