ಆರಡಿ ಉದ್ದವೋ, ಮೂರಡಿ ಎತ್ತರವೋ?

ದೊಡ್ಡ ಸಮುದ್ರ ಮೀನು ಸಾಕಲು ಎರಡು ಗಾಜಿನ ಟ್ಯಾಂಕ್ ನೋಡೋಣ (ಉದ್ದ×ಅಗಲ×ಎತ್ತರ): 6×2×2 ಅಡಿಯದ್ದು, 4×2×3 ಅಡಿಯದ್ದು. ಎರಡರಲ್ಲೂ ನೀರು ಹಿಡಿಯುವುದು ಸುಮಾರು 680 ಲೀಟರ್. ಹಾಗಾದರೆ ಎರಡೂ ಒಂದೇ ಅಲ್ವಾ? ನಮಗೆ ಒಂದೇ ಇರಬಹುದು, ಮೀನಿಗೆ ಅಲ್ಲ.

ನೇಸೋ ಟ್ಯಾಂಗ್ ಎಂಬ ಸಮುದ್ರ ಮೀನು ಬೆಳೆದರೆ 45 ಸೆಂಟಿಮೀಟರ್ ಆಗುತ್ತದೆ, ಅಂದರೆ ಒಂದೂವರೆ ಅಡಿ. ಬಂಡೆಸಾಲಿನ ಪಕ್ಕ ದಿನವಿಡೀ ಈಜಾಡುವ ಮೀನು ಅದು. ನಾಲ್ಕಡಿಯಲ್ಲಿ ಬಾಲ ನಾಲ್ಕು ಸಲ ಬೀಸುವಷ್ಟರಲ್ಲಿ ಮೂತಿಗೆ ಗಾಜು ಸಿಗುತ್ತದೆ. ಮೇಲಿನ ಒಂದಡಿ ನೀರು ಸುಮ್ನೆ ನಿಂತಿರುತ್ತದೆ. ನಿಜ ಹೇಳಬೇಕೆಂದರೆ, ಪೂರ್ತಿ ಬೆಳೆದ ನೇಸೋಗೆ ಆರಡಿಯೂ ಇಕ್ಕಟ್ಟೇ. ಜಾಗವಿದ್ದರೆ ಎಂಟಡಿಗೆ ಹೋಗಿ. ಅಗಲ ಎರಡಡಿಗಿಂತ ಕಡಿಮೆ ಬೇಡವೇ ಬೇಡ, ಮೀನು ತಿರುಗಬೇಕಲ್ಲ.

ಉದ್ದದ ಟ್ಯಾಂಕಿನಲ್ಲಿ ನೀರಿನ ಮೇಲ್ಮೈ 12 ಚದರ ಅಡಿ, ಎತ್ತರದ್ದರಲ್ಲಿ 8. ಗಾಳಿ ಬೆರೆಯುವುದು ಅಲ್ಲೇ. ದೊಡ್ಡ ಮೀನಿಗೆ ಆಮ್ಲಜನಕ ಜಾಸ್ತಿ ಬೇಕು. ಎತ್ತರ ಹೆಚ್ಚಿದಷ್ಟೂ ಕೆಳಗೆ ನೀರಿನ ಒತ್ತಡ ಹೆಚ್ಚು, ಹಾಗಾಗಿ ಗಾಜು ದಪ್ಪ ಬೇಕು, ಖರ್ಚೂ ಏರುತ್ತದೆ. ಉಪ್ಪುನೀರೇ 700 ಕೆಜಿ ತೂಗುತ್ತದೆ. ಎತ್ತರದ್ದರಲ್ಲಿ ಅಷ್ಟೂ ಭಾರ 8 ಚದರ ಅಡಿ ನೆಲದ ಮೇಲೆ!

ಇನ್ನು ಶುಚಿ ಮಾಡುವ ಕಥೆ. ಮೂರಡಿ ಆಳದಲ್ಲಿ ಒಂದು ಕಲ್ಲು ಉರುಳಿದರೆ ಸ್ಟೂಲ್ ಹತ್ತಿ, ಕಂಕುಳವರೆಗೆ ಕೈ ಮುಳುಗಿಸಿದರೂ ಬೆರಳ ತುದಿಗೆ ಸಿಗುವುದಿಲ್ಲ.

ಎತ್ತರದ ಟ್ಯಾಂಕ್ ಯಾರಿಗೆ? ಗೋಡೆಯಲ್ಲಿ ನಾಲ್ಕೇ ಅಡಿ ಜಾಗ ಇರುವವರಿಗೆ. ಆಗ ಟ್ಯಾಂಗ್ ಆಸೆ ಬಿಡಿ. ಒಂದೇ ಕಡೆ ತೇಲುತ್ತಾ ನಿಲ್ಲುವ ಲಯನ್‌ಫಿಶ್ ತನ್ನಿ. ಅದರ ಬೆನ್ನಿನ ಮುಳ್ಳಲ್ಲಿ ವಿಷವಿದೆ, ಕೈ ಹಾಕುವಾಗ ಹುಷಾರು.