ಎರಡು ದಿನದ ‘ಪಂಚಕರ್ಮ’ ಪ್ಯಾಕೇಜ್‌ಗೆ ಮುಂಗಡ ಕಟ್ಟುವ ಮುನ್ನ

ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಸುತ್ತಿನ ಕಾಫಿ ತೋಟಗಳ ನಡುವೆ ಸ್ಪಾ ಇರುವ ರೆಸಾರ್ಟ್‌ಗಳು ಹೆಚ್ಚುತ್ತಿವೆ. ಅಚ್ಚುಕಟ್ಟಾಗಿ ನಡೆಸುವವರೂ ಇದ್ದಾರೆ. ಆದರೆ ‘ವೀಕೆಂಡ್ ಡಿಟಾಕ್ಸ್’ ಎಂದು ಮಾರುವ ಪ್ಯಾಕೇಜ್‌ಗಳಲ್ಲಿ ಕೆಡುವ ವಾರಾಂತ್ಯ ಹೆಚ್ಚುಕಡಿಮೆ ಒಂದೇ ರೀತಿ ಕೆಡುತ್ತದೆ. ದಣಿದು ಹೋದವರು ಇನ್ನಷ್ಟು ದಣಿದು, ಕೆಲವೊಮ್ಮೆ ಕಾಯಿಲೆ ಹೊತ್ತು ಮರಳುತ್ತಾರೆ. ಎಲ್ಲೆಲ್ಲಿ, ಯಾಕೆ ಕೆಡುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಬಹುಪಾಲು ತಪ್ಪಿಸಬಹುದು.

ಮೊದಲ ಮೋಸ ಗಡಿಯಾರದ್ದು. ‘ಎರಡು ಹಗಲು, ಒಂದು ರಾತ್ರಿ’ ಎಂದರೆ ಶನಿವಾರ ಮಧ್ಯಾಹ್ನ 2ಕ್ಕೆ ಚೆಕ್‌ಇನ್, ಭಾನುವಾರ ಬೆಳಿಗ್ಗೆ 11ಕ್ಕೆ ಚೆಕ್‌ಔಟ್. ಒಟ್ಟು 21 ಗಂಟೆ, ಅದರಲ್ಲಿ ನಿದ್ದೆ, ಊಟ ಎರಡೂ ಸೇರಿವೆ. ಮೈಗೆ ಎಣ್ಣೆ ತಿಕ್ಕುವ ಅಭ್ಯಂಗಕ್ಕೆ 60 ನಿಮಿಷ, ಮಸಾಜ್ ಮೇಜು ಒರೆಸಿ ಬಟ್ಟೆ ಬದಲಿಸಲು 15 ನಿಮಿಷ ಎಂದಿಟ್ಟುಕೊಳ್ಳಿ. ಶನಿವಾರ 3ರಿಂದ ರಾತ್ರಿ 8ರೊಳಗೆ ಒಂದು ಮೇಜಿನ ಮೇಲೆ ನಾಲ್ಕೇ ಜನ. ಎರಡು ಮೇಜು, ಇಪ್ಪತ್ತು ಕೋಣೆ ಇರುವ ಕಡೆ ನಲವತ್ತು ಅತಿಥಿಗಳಿಗೆ ಇದು ಸಾಲುವುದಿಲ್ಲ. ಆಗ 60 ನಿಮಿಷದ್ದು 35ಕ್ಕೆ ಇಳಿಯುತ್ತದೆ, ಊಟವಾದ ಅರ್ಧ ಗಂಟೆಗೇ ಕರೆ ಬರುತ್ತದೆ. ತುಂಬಿದ ಹೊಟ್ಟೆಯ ಮೇಲೆ ಎಣ್ಣೆ ತಿಕ್ಕಿಸಿಕೊಂಡು ಹಬೆಗೆ ಕೂತರೆ ಹೊಟ್ಟೆ ತೊಳಸುವುದು, ಎದ್ದಾಗ ಕಣ್ಣುಕತ್ತಲೆ ಬರುವುದು ಸಾಮಾನ್ಯ. ಊಟಕ್ಕೂ ಅಭ್ಯಂಗಕ್ಕೂ ಎರಡು–ಮೂರು ಗಂಟೆ ಅಂತರ ಬೇಕು. ಬುಕ್ ಮಾಡುವಾಗಲೇ ಮೇಜುಗಳೆಷ್ಟು, ಥೆರಪಿಸ್ಟ್‌ಗಳೆಷ್ಟು ಮಂದಿ, ನಿಮ್ಮ ಸಮಯ ಯಾವುದು ಎಂದು ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಇನ್ನು ಪಂಚಕರ್ಮ. ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ಬಸ್ತಿ (ಗುದದ್ವಾರದಿಂದ ಔಷಧ ಕೊಡುವುದು), ನಸ್ಯ (ಮೂಗಿಗೆ ಔಷಧ ಬಿಡುವುದು), ರಕ್ತಮೋಕ್ಷಣ (ರಕ್ತ ಹೊರತೆಗೆಯುವುದು) ಇವು ಆಯುರ್ವೇದದ ಚಿಕಿತ್ಸೆಗಳು, ಮನರಂಜನೆಯಲ್ಲ. ವಿರೇಚನವನ್ನೇ ತೆಗೆದುಕೊಳ್ಳಿ: ಮೂರರಿಂದ ಏಳು ದಿನ ಔಷಧಿ ತುಪ್ಪ ಕುಡಿಸುವ ಸ್ನೇಹಪಾನ, ಆಮೇಲೆ ಕೆಲವು ದಿನ ಅಭ್ಯಂಗ ಮತ್ತು ಬೆವರಿಸುವ ಸ್ವೇದನ, ಆನಂತರ ಒಂದು ದಿನ ಭೇದಿಯ ಔಷಧ, ಕೊನೆಗೆ ತೆಳು ಗಂಜಿಯಿಂದ ಶುರುವಾಗಿ ಮಾಮೂಲು ಊಟಕ್ಕೆ ಮರಳುವ ಸಂಸರ್ಜನ ಕ್ರಮ ಮೂರರಿಂದ ಏಳು ದಿನ. ಎಲ್ಲ ಸೇರಿ ಸುಮಾರು ಎರಡು ವಾರ, ಅದೂ ವೈದ್ಯರ ಕಣ್ಣೆದುರು. 21 ಗಂಟೆಯಲ್ಲಿ ಇದು ಸಾಧ್ಯವೇ ಇಲ್ಲ. ಶನಿವಾರ ರಾತ್ರಿ ಹರಳೆಣ್ಣೆ ಕುಡಿಸಿ ಅದನ್ನೇ ವಿರೇಚನ ಎನ್ನುವ ಕಡೆ ಬೇಡ ಎನ್ನುವುದಕ್ಕೆ ಸಂಕೋಚ ಬೇಡ. ಭಾನುವಾರ ನಾಲ್ಕೈದು ಸಲ ಭೇದಿಯಾಗಿ, ಮೇಲೆ ಹಬೆಯಲ್ಲಿ ಬೆವರಿ, ಆರು ಗಂಟೆ ಕಾರಿನಲ್ಲಿ ಕೂತರೆ ಮೈಯ ನೀರು, ಲವಣ ಎರಡೂ ಬಸಿದುಹೋಗುತ್ತವೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ನಿಜಕ್ಕೂ ಅಪಾಯ.

ವಾರಾಂತ್ಯಕ್ಕೆ ಹೊಂದುವುದು ಅಭ್ಯಂಗ, ಹದವಾದ ಹಬೆ, ಬೇಕಿದ್ದರೆ ಹಣೆಯ ಮೇಲೆ ಎಣ್ಣೆ ಧಾರೆಯಾಗಿ ಸುರಿಸುವ ಶಿರೋಧಾರೆ, ಅಷ್ಟೆ. ಶಿರೋಧಾರೆಗೆ ಒಂದೂವರೆಯಿಂದ ಎರಡು ಲೀಟರ್ ಎಣ್ಣೆ ಬೇಕು. ದರ ತೀರಾ ಕಡಿಮೆಯಿದ್ದರೆ ಹಿಂದಿನವರ ತಲೆಯಿಂದ ಇಳಿದ ಎಣ್ಣೆಯೇ ನಿಮ್ಮ ಹಣೆಗೆ ಬೀಳುತ್ತಿರಬಹುದು. ಹೊಸ ಎಣ್ಣೆಯನ್ನು ಎದುರಿಗೇ ಸುರಿಯಲು ಹೇಳಿ. ಗರ್ಭಿಣಿಯರು, ಜ್ವರವಿರುವವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿರುವವರು ತಮ್ಮ ವೈದ್ಯರನ್ನು ಕೇಳದೆ ಮೇಜು ಹತ್ತಬಾರದು. ಮಧುಮೇಹದಿಂದ ಪಾದದ ಸ್ಪರ್ಶ ಮಂದವಾದವರಿಗೆ ಬಿಸಿ ಗಂಟಿನ ಶಾಖ ಸುಟ್ಟರೂ ಗೊತ್ತಾಗುವುದಿಲ್ಲ. ಈ ಪ್ರಶ್ನೆಗಳನ್ನು ಕೇಳಬೇಕಾದವರು ಬಿಎಎಂಎಸ್ (ಆಯುರ್ವೇದ ವೈದ್ಯ ಪದವಿ) ಓದಿದ ವೈದ್ಯರು. ರಿಸೆಪ್ಷನ್‌ನಲ್ಲಿ ಫಾರಂ ತುಂಬಿಸಿಕೊಂಡು ನೇರ ಒಳಗೆ ಕಳುಹಿಸಿದರೆ ಅಲ್ಲಿ ವೈದ್ಯರಿಲ್ಲ ಎಂದೇ ತಿಳಿಯಿರಿ.

ಜಕೂಝಿಯ, ಅಂದರೆ ಗುಳ್ಳೆ ಎಬ್ಬಿಸುವ ಬಿಸಿನೀರಿನ ತೊಟ್ಟಿಯ ವಿಷಯಕ್ಕೆ ಹೆಚ್ಚು ಗಮನ ಕೊಡಿ, ಏಕೆಂದರೆ ಇಲ್ಲಿ ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಅತಿಥಿಗಳಿಲ್ಲದೆ ಪಂಪ್ ನಿಂತಿದ್ದರೆ ಕೊಳವೆಯೊಳಗೆ ಲೋಳೆ ಕಟ್ಟುತ್ತದೆ. ಶನಿವಾರ ನೀರು ಬಿಸಿ ಮಾಡಿ ಗುಳ್ಳೆ ಎಬ್ಬಿಸಿದಾಗ ಆ ಲೋಳೆಯ ಸೂಕ್ಷ್ಮಾಣುಗಳು ನೀರಿಗೂ, ನೀವು ಉಸಿರಾಡುವ ಹನಿಗಳಿಗೂ ಬರುತ್ತವೆ. ಬಿಸಿನೀರಿನಲ್ಲಿ ಕ್ಲೋರಿನ್ ಬೇಗ ಸವೆಯುವುದರಿಂದ ಬೆಳಿಗ್ಗೆ ಹಾಕಿದ್ದು ಸಂಜೆಗೆ ಉಳಿದಿರುವುದಿಲ್ಲ. ಕ್ಲೋರಿನ್ ಕನಿಷ್ಠ 3 ಪಿಪಿಎಂ (ಲೀಟರ್‌ಗೆ 3 ಮಿಲಿಗ್ರಾಂ), ನೀರಿನ ಆಮ್ಲತೆ ತೋರಿಸುವ ಪಿಎಚ್ 7ರಿಂದ 7.8 ಇರಬೇಕು, ಬಿಸಿ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಪರೀಕ್ಷಾ ಪಟ್ಟಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಅದ್ದಿದರೆ ಅರೆ ನಿಮಿಷದಲ್ಲಿ ಬಣ್ಣ ಹೇಳುತ್ತದೆ. ಪಟ್ಟಿ ಇಲ್ಲದಿದ್ದರೆ ಅಂಚನ್ನು ಬೆರಳಿಂದ ಸವರಿ: ಜಾರಿದರೆ, ನೀರು ಮಸುಕಾಗಿದ್ದರೆ, ಯಂತ್ರ ನಿಂತ ಮೇಲೂ ನೊರೆ ಉಳಿದರೆ ಇಳಿಯಬೇಡಿ. ಮೂಗಿಗೆ ರಾಚುವ ವಾಸನೆ ಶುಚಿಯ ಗುರುತಲ್ಲ. ಅದು ಕ್ಲೋರಿನ್ ಬೆವರು, ಮೂತ್ರದೊಂದಿಗೆ ಬೆರೆತು ಹುಟ್ಟಿದ ವಾಸನೆ.

ಇಂಥ ನೀರಿನಲ್ಲಿ ಕೂತವರಿಗೆ ಕೆಲವೇ ದಿನಗಳಲ್ಲಿ ಈಜುಡುಗೆ ಮುಚ್ಚಿದ್ದ ಭಾಗದಲ್ಲಿ ತುರಿಸುವ ಕೆಂಪು ಗುಳ್ಳೆಗಳೇಳುತ್ತವೆ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲಸ, ಬಹುತೇಕ ತಾನಾಗಿ ವಾಸಿಯಾಗುತ್ತದೆ. ಹೆದರಬೇಕಾದದ್ದು ನ್ಯುಮೋನಿಯಾ ತರುವ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾಗೆ. ಎರಡರಿಂದ ಹದಿನಾಲ್ಕು ದಿನಗಳೊಳಗೆ ಜ್ವರ, ಕೆಮ್ಮು, ಏದುಸಿರು ಬಂದರೆ, ಅದರಲ್ಲೂ ಐವತ್ತು ದಾಟಿದವರು ಮತ್ತು ಧೂಮಪಾನಿಗಳು, ‘ಬಿಸಿನೀರಿನ ತೊಟ್ಟಿಯಲ್ಲಿ ಕೂತಿದ್ದೆ’ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಈ ನ್ಯುಮೋನಿಯಾಗೆ ಅಮಾಕ್ಸಿಸಿಲಿನ್‌ನಂಥ ಮಾಮೂಲು ಔಷಧ ಕೆಲಸ ಮಾಡದು, ಬೇರೆ ಬಗೆಯ ಆ್ಯಂಟಿಬಯಾಟಿಕ್ ಬೇಕು.

ಪ್ರಾಣವನ್ನೇ ತೆಗೆಯಬಲ್ಲದ್ದು ಸ್ನಾನದ ಕೋಣೆಯ ಗ್ಯಾಸ್ ಗೀಸರ್. ಮಲೆನಾಡಿನಲ್ಲಿ ಕರೆಂಟ್ ಕೈಕೊಡುತ್ತದೆ, ಮಳೆಗಾಲದಲ್ಲಿ ಸೋಲಾರ್ ಕಾಯುವುದಿಲ್ಲ, ಹಾಗಾಗಿ ಎಲ್‌ಪಿಜಿ ಗೀಸರ್ ಇಡುತ್ತಾರೆ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದಂತೆ ಉರಿ ಪೂರ್ತಿ ಉರಿಯದೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಹೊಮ್ಮುತ್ತದೆ. ಕೋಣೆಗೆ ಹೋದ ಕೂಡಲೇ ಗೀಸರ್ ಎಲ್ಲಿದೆ ನೋಡಿ. ಹೊರಗೋಡೆಗಿದ್ದರೆ ಸರಿ, ಒಳಗಿದ್ದರೆ ಕೋಣೆ ಬದಲಿಸಿಕೊಡಲು ಕೇಳಿ, ಇಲ್ಲವೇ ಬಕೆಟ್‌ನಲ್ಲಿ ಬಿಸಿನೀರು ತರಿಸಿಕೊಳ್ಳಿ. ಡಿಸೆಂಬರ್ ಚಳಿಗೆ ಟೆಂಟ್‌ನೊಳಗೆ ಇಡುವ ಕೆಂಡದ ಅಗ್ಗಿಷ್ಟಿಕೆಯೂ ಅಷ್ಟೇ ಅಪಾಯ. ಒಂದೇ ಕೋಣೆಯ ಇಬ್ಬರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಊಟದ ಮೇಲೆ ಅನುಮಾನ ಪಡುತ್ತ ಕೂರಬೇಡಿ, ಮೊದಲು ಹೊರಗೆ ಬಂದು 108ಕ್ಕೆ ಕರೆ ಮಾಡಿ.

ಈಜುಕೊಳಕ್ಕೆ ಒಂದೇ ಮಾತು: ಆಳ ಬರೆದಿರಬೇಕು, ಕಾವಲಿಗೆ ಈಜು ಬಲ್ಲವರಿರಬೇಕು. 2024ರ ನವೆಂಬರ್‌ನಲ್ಲಿ ಉಳ್ಳಾಲದ ಸೋಮೇಶ್ವರ ಬಳಿಯ ರೆಸಾರ್ಟ್ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಪ್ರಾಣ ಕಳೆದುಕೊಂಡರು.

ಹಣದ ಕಡೆ, ಮುಂಗಡ ಕೇಳುವ ನಂಬರ್ ರೆಸಾರ್ಟಿನದೇ ಎಂದು ಖಚಿತಪಡಿಸಿಕೊಳ್ಳಿ. ಯುಪಿಐನಲ್ಲಿ ವ್ಯಕ್ತಿಯ ಹೆಸರು ಬಂದರೆ ನಿಲ್ಲಿಸಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ‘ಉಚಿತ ಸ್ಪಾ’ ಎಂದರೆ ಎಷ್ಟು ನಿಮಿಷ, ಯಾವ ಚಿಕಿತ್ಸೆ ಎಂದು ಕೇಳಿ, ಹಲವೆಡೆ ಅದು ಹದಿನೈದು ನಿಮಿಷದ ತಲೆ ಮಸಾಜ್. ಕೋಣೆಯ ದಿನದ ದರ 7,500 ರೂ. ಮೀರಿದರೆ ಜಿಎಸ್‌ಟಿ ಶೇ 18, ಅಲ್ಲಿಯವರೆಗೆ 2025ರ ಸೆಪ್ಟೆಂಬರ್ 22ರಿಂದ ಶೇ 5. ಸೇವಾ ಶುಲ್ಕವನ್ನು ಬಿಲ್‌ಗೆ ತಾವಾಗಿ ಸೇರಿಸುವಂತಿಲ್ಲ, ತೆಗೆಯಲು ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ, ಬಿಲ್, ಗೀಸರ್ ಮತ್ತು ತೊಟ್ಟಿಯ ಫೋಟೊ, ವೈದ್ಯರ ಚೀಟಿ ಇಷ್ಟನ್ನು ಕಾದಿಟ್ಟರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಹೂಡಬಹುದು. ಕೊಟ್ಟ ಹಣ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.