ಪಾಚಿ ತೊಳೆಯುವ ಮಷಿನ್: ಐದನೇ ಮಳೆಗಾಲದ ವರದಿ

ಕುಮಟಾ ಕಡೆ ಮನೆ ಇದ್ದವರಿಗೆ ಪಾಚಿ ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಜುಲೈ ಹೊತ್ತಿಗೆ ಅಂಗಳ ಹಸಿರು, ಕಂಪೌಂಡ್ ಗೋಡೆ ಕಪ್ಪು. ಬಾವಿಕಟ್ಟೆ ಸುತ್ತ ಬೆಣ್ಣೆ ಸವರಿಟ್ಟ ಹಾಗೆ. 2020ರ ಆಗಸ್ಟ್‌ನಲ್ಲಿ ತೆಂಗಿನಕಾಯಿ ಬುಟ್ಟಿ ಹೊತ್ತುಕೊಂಡು ಅದೇ ಬೆಣ್ಣೆಯ ಮೇಲೆ ಕಾಲಿಟ್ಟೆ. ಹನ್ನೊಂದು ಕಾಯಿಯೂ ಗೇಟಿನ ತನಕ ಉರುಳಿದವು. ನಾನು ಅಷ್ಟು ದೂರ ಹೋಗಲಿಲ್ಲ, ಅಲ್ಲೇ ಕೂತೆ. ಸೊಂಟನೋವು ಚೌತಿ ಮುಗಿದರೂ ಬಿಡಲಿಲ್ಲ. ಮುಂದಿನ ಮೇ ತಿಂಗಳಲ್ಲಿ ಏಳೂವರೆ ಸಾವಿರ ಕೊಟ್ಟು, ನೀರನ್ನು ಜೋರು ಒತ್ತಡದಲ್ಲಿ ಗನ್‌ನಿಂದ ಚಿಮ್ಮಿಸಿ ತೊಳೆಯುವ ಪ್ರೆಶರ್ ವಾಷರ್ ತಂದೆ.

ಮೋಟಾರು ಎಷ್ಟು ವಾಟ್, ಒತ್ತಡ ಎಷ್ಟು ಬಾರ್ ಎಂಬುದೆಲ್ಲ ಡಬ್ಬದ ಮೇಲೇ ಇರುತ್ತದೆ, ನೋಡಿಕೊಳ್ಳಿ. ಕಂಪನಿಯ ಹೆಸರು ಬರೆಯುತ್ತಿಲ್ಲ. ನನ್ನ ತಕರಾರು ಒಂದು ಕಂಪನಿಯ ಮೇಲಲ್ಲ, ಈ ಜಾತಿಯ ಮಷಿನ್ ಮೇಲೆ. ಅದಕ್ಕಿಂತ ಜಾಸ್ತಿ ನನ್ನ ಮೇಲೆ.

ಮೊದಲು ಸುಖದ ಕಥೆ. ಮಳೆ ಒಂದೆರಡು ದಿನ ಹೊಳವಾದಾಗ ಈ ಕೆಲಸ. ಬೆಳಿಗ್ಗೆ ತಿಂಡಿ ಮುಗಿಸಿ, ಹಳೆಯ ಲುಂಗಿ ಮೇಲೆತ್ತಿ ಕಟ್ಟಿ, ಮಷಿನ್ ಹೊರಗೆ ತರುತ್ತೇನೆ. ನೀರಿನ ಪೈಪ್ ಸಿಕ್ಕಿಸಿ ನಲ್ಲಿ ಬಿಡಬೇಕು. ಸ್ವಿಚ್ ಈಗಲೇ ಹಾಕಬಾರದು. ಗನ್ ಒತ್ತಿ ಹಿಡಿದರೆ ಮೊದಲು ಗಾಳಿ ಬರುತ್ತದೆ, ಕಫ ಕಟ್ಟಿದವರು ಕೆಮ್ಮಿದ ಹಾಗೆ. ಆಮೇಲೆ ಸಣ್ಣಗೆ ನೀರು. ಕೆಮ್ಮು ಪೂರ್ತಿ ನಿಂತ ಮೇಲೆ ಸ್ವಿಚ್. ಈ ಅರ್ಧ ನಿಮಿಷದ ತಾಳ್ಮೆ ಇಲ್ಲದೆ ಒಣಗಿದ ಪಂಪ್ ತಿರುಗಿಸಿದರೆ ಒಳಗಿನ ಸೀಲ್ ಬೇಗ ಹೋಗುತ್ತದೆ.

ಸ್ವಿಚ್ ಹಾಕಿದ ಕೂಡಲೇ ಬಾವಿಕಟ್ಟೆಯ ಬೆಕ್ಕು ಗೋಡೆ ಹಾರುತ್ತದೆ. ಮೊದಲ ಗೆರೆ ಎಳೆಯುವಾಗಿನ ಸುಖ ಬರೆದು ತಿಳಿಸುವುದು ಕಷ್ಟ. ಹಸಿರಿನ ನಡುವೆ ಬಿಳಿ ಪಟ್ಟೆಯೊಂದು ಸರ್ ಎಂದು ತೆರೆದುಕೊಳ್ಳುತ್ತದೆ. ನಮ್ಮ ಅಂಗಳದ ನಿಜವಾದ ಬಣ್ಣ ಇದು ಎಂದು ನನಗೇ ಮರೆತುಹೋಗಿತ್ತು. ತಂಗಿಯ ಮಗ ರಜೆಗೆ ಬಂದಾಗ ಪಾಚಿಯಲ್ಲಿ ತನ್ನ ಹೆಸರು ಬರೆದ. ಒತ್ತಕ್ಷರ ತಪ್ಪಿತ್ತು. ಸುತ್ತಲಿನ ಪಾಚಿ ತೊಳೆಯುವ ತನಕ ಹದಿನೈದು ದಿನ ಆ ತಪ್ಪು ಅಂಗಳದಲ್ಲೇ ಇತ್ತು.

ಆಯಿಗೆ ಮೊದಮೊದಲು ಇದು ಸೇರಲಿಲ್ಲ. “ಹಿಡಿ ತಗಂಡು ತಿಕ್ಕಿರೆ ಹೋಗ್ತಿಲ್ಯಾ? ಎಂತಕ್ಕೆ ಬೇಕಾಗಿತ್ತು ತಮಾ ಇದು?” ಎಂದು ಎರಡು ದಿನ ಗೊಣಗಿದಳು. (ಹಿಡಿ ಎಂದರೆ ಕಡ್ಡಿ ಪೊರಕೆ.) ಮೂರನೇ ದಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಆ ಮೂಲೆ ಬಿಟ್ಟುಹೋಯಿತು, ಈ ಮೂಲೆ ಬಿಟ್ಟುಹೋಯಿತು ಎಂದು ಕೈ ತೋರಿಸತೊಡಗಿದಳು. ಎಲ್ಲ ಮುಗಿಯುವಾಗ ಮೈತುಂಬ ಹಸಿರು ಚುಕ್ಕೆ, ಕಾಲಿಗೆ ಕೆಸರು. ಹಂಡೆಯ ಬಿಸಿನೀರು ಸುರಿದುಕೊಂಡು ಬಂದರೆ ಕಷಾಯ ರೆಡಿ ಇರುತ್ತಿತ್ತು. ಮೊದಲ ಎರಡು ಮಳೆಗಾಲದಲ್ಲಿ ನಾನು ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಸಣ್ಣಪುಟ್ಟ ಕಿರಿಕಿರಿ ಆಗಲೂ ಇತ್ತು. ಜೊತೆಗೆ ಬಂದ ಪೈಪ್ ಐದು ಮೀಟರ್. ಅದು ಸುರುಳಿ ಸುತ್ತಿದ್ದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಬಿಸಿಲಿಗೆ ಹಾಸಿದರೂ ಸಂಜೆ ಮತ್ತೆ ಕೇರೆ ಹಾವಿನ ಹಾಗೆ ಸುತ್ತಿಕೊಳ್ಳುತ್ತದೆ. ಗನ್ ಸ್ವಲ್ಪ ಎಳೆದರೆ ಮಷಿನ್ ಅಡ್ಡ ಬೀಳುತ್ತದೆ. ಬಾವಿ ನೀರಿನ ಕೆಮ್ಮಣ್ಣು ಬಾಯಿಯ ಜಾಲರಿಗೆ ಕಟ್ಟಿಕೊಳ್ಳುತ್ತದೆ, ಎರಡು ಸಲಕ್ಕೊಮ್ಮೆ ಬಿಚ್ಚಿ ತೊಳೆಯಬೇಕು. ನಮ್ಮದು ಒಂದೇ ಮಹಡಿ. ಮೇಲಿನ ಟ್ಯಾಂಕಿನಿಂದ ಬರುವ ನೀರು ಇದಕ್ಕೆ ಸಾಲುತ್ತಿರಲಿಲ್ಲ, ಮಷಿನ್ ಉಬ್ಬಸದವರ ಹಾಗೆ ನಿಂತು ನಿಂತು ಓಡುತ್ತಿತ್ತು. ಈಗ ಇನ್ನೂರು ಲೀಟರಿನ ಡ್ರಮ್ ತುಂಬಿಸಿ ಕಟ್ಟೆ ಮೇಲಿಟ್ಟು, ಅಲ್ಲಿಂದ ದಪ್ಪ ಪೈಪ್ ಎಳೆದಿದ್ದೇನೆ. ಕರೆಂಟಿನದ್ದು ಮಾತ್ರ ಕಿರಿಕಿರಿ ಎಂದು ಬಿಡುವ ವಿಷಯವಲ್ಲ. ಒದ್ದೆ ಅಂಗಳ, ಬರಿಗಾಲು, ಅಡುಗೆಮನೆಯಿಂದ ಎಳೆದ ಸಣ್ಣ ವಯರು, ಮೂರೂ ಸೇರಿದರೆ ಕಥೆ ಮುಗಿಯಿತು. ಎಲೆಕ್ಟ್ರಿಷಿಯನ್ ಕರೆಸಿ, ಹೊರಗೆ ಮುಚ್ಚಳ ಇರುವ 16 ಆಂಪ್ ಸಾಕೆಟ್ ಹಾಕಿಸಿ, ಕರೆಂಟ್ ಸೋರಿದ ಕೂಡಲೇ ಬೀಳುವ 30 ಮಿಲಿಆಂಪ್‌ನ ಸ್ವಿಚ್ ಕೂರಿಸಿಕೊಂಡೆ. ಮಷಿನ್ ಬೆಲೆಗೆ ಈ ಖರ್ಚು ಸೇರಿಸಿ ಲೆಕ್ಕ ಹಾಕಿ. ಮತ್ತೆ ರಬ್ಬರ್ ಚಪ್ಪಲಿ.

ಮೂರನೇ ವರ್ಷ ಒಂದು ವಿಷಯ ಗಮನಕ್ಕೆ ಬಂತು. ಮೊದಲ ವರ್ಷ ಮಳೆಗಾಲಕ್ಕೆ ಎರಡು ಸಲ ತೊಳೆದರೆ ಸಾಕಾಗಿತ್ತು. ಎರಡನೇ ವರ್ಷ ಮೂರು ಸಲ. ಮೂರನೇ ವರ್ಷ ಹದಿನೈದು ದಿನಕ್ಕೊಮ್ಮೆ. ಮಳೆ ಜಾಸ್ತಿ ಇರಬೇಕು ಎಂದುಕೊಂಡೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಜುಬಾಜು ಸುರಿಯುತ್ತದೆ, ಏನಾದರೂ ತಪ್ಪಾದರೆ ಮಳೆಯ ಮೇಲೆ ಹಾಕುವುದು ಸುಲಭ ಅಲ್ವಾ?

2024ರ ಜೂನ್ ಕೊನೆಗೆ ಪಂಪಿನ ಅಡಿಯಿಂದ ನೀರು ಸೋರತೊಡಗಿತು. ಬೇಸಿಗೆಯಿಡೀ ಸುಮ್ನೆ ಬಿದ್ದಿದ್ದ ಮಷಿನ್, ಒಳಗಿನ ರಬ್ಬರ್ ರಿಂಗ್ ಒಣಗಿ ಬಿರಿದಿತ್ತು. ರಿಪೇರಿ ಎಂದರೆ ಹುಬ್ಬಳ್ಳಿ, ನೂರೈವತ್ತು ಕಿಲೋಮೀಟರಿಗೂ ಜಾಸ್ತಿ ದೂರ. ಪಾರ್ಸೆಲ್ ಹಾಕಿದೆ. ರಿಪೇರಿ ಆಯಿತು, ಕಳಿಸುತ್ತೇವೆ ಎಂದು ಫೋನ್ ಬಂದಿದ್ದೂ ಆಯಿತು. ಅಷ್ಟರಲ್ಲಿ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಅಂಕೋಲಾಕ್ಕೂ ನಮಗೂ ನಡುವಿನ ಹೆದ್ದಾರಿ ಬಂದ್. ಚಹಾ ಕುಡಿಯಲು ನಿಂತವರು ಮಣ್ಣಿನಡಿ ಹೋಗಿದ್ದರು, ಗಂಗಾವಳಿಯಲ್ಲಿ ದಿನಗಟ್ಟಲೆ ಹುಡುಕಾಟ ನಡೆದಿತ್ತು. ಅಂಥ ಹೊತ್ತಿನಲ್ಲಿ ನನ್ನ ಪಾರ್ಸೆಲ್ ಎಲ್ಲಿಗೆ ಬಂತು ಎಂದು ಕೇಳಲು ಬಾಯಿ ಬರಲಿಲ್ಲ. ಮಷಿನ್ ಕೈಗೆ ಸಿಕ್ಕಿದ್ದು ಆಗಸ್ಟ್‌ನಲ್ಲಿ.

ಆ ಒಂದೂವರೆ ತಿಂಗಳು ಹಿಡಿಯೇ ಗತಿಯಾಯಿತು. ತೆಂಗಿನ ಕಡ್ಡಿ ಹಿಡಿದುಕೊಂಡು ಬಗ್ಗಿ ತಿಕ್ಕುವಾಗ ನೆಲ ಹತ್ತಿರದಿಂದ ಕಾಣುತ್ತದೆ. ಬಚ್ಚಲ ಹಿಂದೆ ಒಂದು ಪಟ್ಟಿ ಇದೆ. ಪೈಪ್ ಅಲ್ಲಿಗೆ ಮುಟ್ಟುವುದಿಲ್ಲ, ಹಾಗಾಗಿ ಮಷಿನ್ ನೀರು ಒಮ್ಮೆಯೂ ಬಿದ್ದಿರಲಿಲ್ಲ. ಬಿಸಿಲೇ ಬೀಳದ ಜಾಗ, ಅಲ್ಲಿ ಪಾಚಿ ಜಾಸ್ತಿ ಇರಬೇಕಿತ್ತು. ಆದರೆ ನಾಲ್ಕು ಸಲ ತಿಕ್ಕಿದ್ದೇ ಎಲ್ಲ ಎದ್ದು ಬಂತು. ಮುಂದಿನ ಅಂಗಳದಲ್ಲಿ ಹತ್ತು ಸಲ ತಿಕ್ಕಿದರೂ ಬೇರು ಬಿಟ್ಟ ಹಾಗೆ ಕೂತಿತ್ತು. ಅಂಗೈ ಇಟ್ಟು ನೋಡಿದೆ. ಬಚ್ಚಲ ಹಿಂದೆ ನುಣ್ಣಗಿದೆ. ಮುಂದಿನ ಅಂಗಳ ಪಾಲಿಶ್ ಪೇಪರಿನ ಹಾಗಿದೆ.

ಮನೆ ಕಟ್ಟಿದ ಮೇಸ್ತ್ರಿ ಒಂದು ದಿನ ಬಂದಿದ್ದಾಗ ತೋರಿಸಿದೆ. ಅವರು ಕಾಲಿನಿಂದಲೇ ಉಜ್ಜಿ ನೋಡಿ, “ಕೆನೆ ಎಲ್ಲಾ ತೆಗೆದುಬಿಟ್ರಲ್ಲಾ ಹೆಗಡೇರೆ” ಎಂದರು. ಗಾರೆ ಹಾಕಿ ಕರಣೆಯಲ್ಲಿ ತಿಕ್ಕುವಾಗ ಸಿಮೆಂಟಿನ ಕೆನೆ ಮೇಲೆ ಬರುತ್ತದೆ. ನೆಲದ ನುಣುಪೆಲ್ಲ ಆ ತೆಳ್ಳಗಿನ ಪದರದಲ್ಲೇ ಇರುವುದು. ನಾನು ತಿರುಗುವ ನೋಝಲ್ ಹಾಕಿಕೊಂಡು, ನಾಲ್ಕು ಬೆರಳು ಅಂತರದಲ್ಲಿ ಹಿಡಿದು, ಮೂರು ಮಳೆಗಾಲ ಆ ಕೆನೆಯನ್ನೇ ಕೆರೆದಿದ್ದೆ. ಕೆಳಗಿನ ಮರಳು ಎದ್ದು ಕಂಡಿತು. ಮರಳಿನ ಕಾಳುಗಳ ನಡುವೆ ನೀರು ನಿಲ್ಲುತ್ತದೆ, ಮಣ್ಣು ಕೂರುತ್ತದೆ, ಪಾಚಿಗೆ ಹಾಸಿಗೆ ಹಾಸಿ ಕೊಟ್ಟ ಹಾಗೆ. ಅಷ್ಟು ಖುಷಿಯಿಂದ ನೋಡುತ್ತಿದ್ದ ಬಿಳಿ ಪಟ್ಟೆ ಪಾಚಿ ಹೋದ ಗುರುತಷ್ಟೇ ಅಲ್ಲ, ಅದರಲ್ಲಿ ಅರ್ಧ ನನ್ನ ನೆಲವೇ ಸವೆದು ಹೋದದ್ದು!

ಕಂಪೌಂಡಿನ ಚಿರೆಕಲ್ಲಿಗೆ ಇದಕ್ಕಿಂತ ಕೆಟ್ಟದ್ದಾಗಿತ್ತು. ಚಿರೆಕಲ್ಲು ಕಡಿಯುವಾಗ ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು. ಅದರ ಹೊರಮೈಯೇ ಅದಕ್ಕೆ ಕವಚ. ಕಪ್ಪು ಹೋಗಲಿ ಎಂದು ಹತ್ತಿರ ಹಿಡಿದು ಹೊಡೆದಾಗ ತೂತಿನೊಳಗಿನ ಹಳದಿ ಮಣ್ಣು ದಳದಳ ಇಳಿಯುತ್ತಿತ್ತು. ಕೊಳೆ ಹೋಗುತ್ತಿದೆ ಎಂದು ಖುಷಿಪಟ್ಟಿದ್ದೆ. ಈಗ ಎರಡು ಸಾಲಿನ ಸಂದಿನಲ್ಲಿ ಬೆರಳು ಹೋಗುತ್ತದೆ. ತುಳಸಿಕಟ್ಟೆಯ ಸುಣ್ಣ, ಕೆಮ್ಮಣ್ಣಿನ ಗೆರೆ ಎರಡೂ ಮೊದಲ ವರ್ಷವೇ ಹೋಗಿದ್ದವು. ಅದಕ್ಕೆ ಆಯಿ ಬೈದ ಬೈಗುಳ ಇಲ್ಲಿ ಬೇಡ. ಹಂಚಿಗೆ ಹೊಡೆಯಬಹುದಾ ಎಂದು ಇಬ್ಬರು ನನ್ನನ್ನು ಕೇಳಿದ್ದಾರೆ. ಬೇಡ. ನೀರು ಹಂಚಿನ ಸಂದಿನಿಂದ ಮೇಲೇರಿ ಅಟ್ಟಕ್ಕೆ ಇಳಿಯುತ್ತದೆ, ಒದ್ದೆ ಹಂಚಿನ ಮೇಲೆ ಹತ್ತಿದ ನೀವೂ ಇಳಿಯುತ್ತೀರಿ.

ಸರಿಮಾಡುವ ದಾರಿ ಹುಡುಕಿದೆ. ಸಿಮೆಂಟ್ ಹಾಲು ಮಾಡಿ ಒಂದು ಮೂಲೆಗೆ ಬಳಿದು ನೋಡಿದೆ, ಒಂದೇ ಮಳೆಗೆ ಹಪ್ಪಳದ ಹಾಗೆ ಎದ್ದಿತು. ಮೇಸ್ತ್ರಿ ಹೇಳುವುದು, ಮೇಲಿನದ್ದನ್ನು ಕೆತ್ತಿ, ಚರಂಡಿ ಕಡೆ ಇಳಿಜಾರು ಕೊಟ್ಟು ಹೊಸದಾಗಿ ಗಾರೆ ಹಾಕಬೇಕು ಎಂದು. ಅವರ ಲೆಕ್ಕ ಮಷಿನ್ ಬೆಲೆಯ ನಾಲ್ಕು ಪಟ್ಟು. ಈ ವರ್ಷ ಆಗುವುದಿಲ್ಲ.

ಶಿರಸಿ ಭಾವನ ಸಲಹೆ ಬೇರೆ. ಅವರ ಮನೆ ಅಂಗಳದಲ್ಲಿ ಅಡಿಕೆಗೆ ಕೊಳೆರೋಗದ ಔಷಧ ಕಲಸುವ ಜಾಗದ ಸುತ್ತ ಪಾಚಿ ಹಿಡಿಯುವುದೇ ಇಲ್ಲವಂತೆ. ಸಂಗತಿ ಸರಿ, ಆ ಔಷಧ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ ಪಾಚಿಗೆ ವಿಷ. ಉಳಿದದ್ದು ಒಂದು ಕ್ಯಾನ್ ತಂದು ಗೇಟಿನ ಹತ್ತಿರ ಮಾತ್ರ ಹೊಡೆದೆ. ಅಲ್ಲಿ ಆ ಮಳೆಗಾಲ ಪಾಚಿ ಬರಲಿಲ್ಲ, ನೀಲಿ ಕಲೆ ಇನ್ನೂ ಇದೆ. ಬಾವಿ ಹತ್ತಿರ ಹೊಡೆಯುವ ಧೈರ್ಯ ನನಗಿಲ್ಲ, ಕುಡಿಯುವ ನೀರು ಅದು.

ಈಗ ನಾನು ಮಾಡುವುದು ಹೀಗೆ. ಮಳೆ ಇಲ್ಲದ ದಿನ ನೋಡಿ ಒಂದು ಬಕೆಟ್ ನೀರಿಗೆ ಎರಡು ಮುಷ್ಟಿ ಬ್ಲೀಚಿಂಗ್ ಪೌಡರ್ ಕದಡಿ ಅಂಗಳಕ್ಕೆ ಚೆಲ್ಲುತ್ತೇನೆ, ಗಿಡದ ಬುಡ ಬಿಟ್ಟು. ಬಾತ್‌ರೂಂ ತೊಳೆಯುವ ಆ್ಯಸಿಡ್ ಇದರ ಜೊತೆ ಯಾವತ್ತೂ ಸೇರಿಸಬೇಡಿ, ಏಳುವ ಗಾಳಿ ಉಸಿರು ಕಟ್ಟಿಸುತ್ತದೆ. ಅರ್ಧ ಗಂಟೆಯಲ್ಲಿ ಹಸಿರು ಬಿಳಿಚಿಕೊಳ್ಳುತ್ತದೆ. ಹಿಡಿಯಲ್ಲಿ ಒಮ್ಮೆ ತಿಕ್ಕುತ್ತೇನೆ. ಆಮೇಲೆ ಮಷಿನ್, ಅಗಲಕ್ಕೆ ಹರಡುವ ನೋಝಲ್ ಹಾಕಿ, ಒಂದೂವರೆ ಗೇಣು ದೂರ ಹಿಡಿದು. ಸತ್ತ ಪಾಚಿಯನ್ನು ಬರೇ ದೂಡಿಕೊಂಡು ಹೋಗುವ ಕೆಲಸ. ಬಿಳಿ ಪಟ್ಟೆಯ ಸುಖ ಇದರಲ್ಲಿಲ್ಲ. ಮಳೆಗಾಲಕ್ಕೆ ಎರಡು ಸಲ, ಅಷ್ಟೇ. ಉಳಿದ ದಿನಕ್ಕೆ ಗೇಟಿನಿಂದ ಜಗಲಿ ತನಕ ಅಡಿಕೆ ಮರ ಸೀಳಿದ ದಬ್ಬೆ ಹಾಸಿದ್ದೇವೆ. ನಾನು ಸಣ್ಣವನಿದ್ದಾಗ ಹಾಸುತ್ತಿದ್ದ ಹಾಗೇ.

ಇಷ್ಟು ಬೈದ ಮೇಲೂ ಮಷಿನ್ ಮಾರುವ ಯೋಚನೆ ಇಲ್ಲ. ಬೈಕಿನ ಮಡ್‌ಗಾರ್ಡ್ ಒಳಗೆ ಗಟ್ಟಿಯಾದ ಕೆಸರು, ಕಿಟಕಿಯ ಸೊಳ್ಳೆ ಜಾಲರಿ, ಪ್ಲಾಸ್ಟಿಕ್ ಕುರ್ಚಿ, ಜಗಲಿಯ ಗ್ರಾನೈಟ್, ಇವಕ್ಕೆಲ್ಲ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಹುಬ್ಬಳ್ಳಿಯಿಂದ ಬಂದ ಮೇಲೆ ಸೋರಿಲ್ಲ. ಕೆಲಸ ಮುಗಿದ ಕೂಡಲೇ ಸ್ವಿಚ್ ತೆಗೆದು, ಗನ್ ಒತ್ತಿ ಒಳಗಿನ ನೀರು, ಒತ್ತಡ ಎಲ್ಲ ಬಿಡುತ್ತೇನೆ. ರಿಂಗಿಗೆ ಸಿಲಿಕಾನ್ ಗ್ರೀಸ್ ಸವರುತ್ತೇನೆ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಎರಡು ನಿಮಿಷ ಓಡಿಸುತ್ತೇನೆ. ಉಪ್ಪುಗಾಳಿಗೆ ಸ್ಕ್ರೂಗಳೆಲ್ಲ ಕೆಂಪಾಗಿವೆ, ಬಿಚ್ಚುವ ಪ್ರಸಂಗ ಬಂದರೆ ದೇವರೇ ಗತಿ.

ಹೊಸದಾಗಿ ತೆಗೆದುಕೊಳ್ಳುವವರು ಎಂಟು ಮೀಟರ್ ಪೈಪ್ ಇರುವುದನ್ನೇ ನೋಡಿ. ತಿರುಗುವ ನೋಝಲ್ ಫ್ರೀ ಕೊಟ್ಟರೂ ಅಂಗಳಕ್ಕೆ ಹಚ್ಚಬೇಡಿ. ನನ್ನದನ್ನು ಆಯಿ ಎಲ್ಲೋ ಅಡಗಿಸಿಟ್ಟಿದ್ದಾಳೆ. ತುಳಸಿಕಟ್ಟೆಗೆ ಹೊಸ ಸುಣ್ಣ ಹೊಡೆದ ದಿನದಿಂದ ಅದು ಸಿಗುತ್ತಿಲ್ಲ. ನಾನೂ ಕೇಳಿಲ್ಲ.